ಲಗಮಪ್ಪನ ಹಳದಿ ಹೆಲ್ಮೆಟ್

2025ರ ಜನವರಿ 21, ಮಂಗಳವಾರ, ಮುಂಜಾನೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಲಗಮಪ್ಪ ಸಕ್ಕರೆ ಫ್ಯಾಕ್ಟರಿಯ ಶೆಡ್ಡಿನ ಮೇಲಿಂದ ಬಿದ್ದ. ಕಬ್ಬಿನ ಸಿಪ್ಪೆ ತುಂಬುವ ಶೆಡ್ಡು ಅದು. ಒಡೆದ ಸಿಮೆಂಟ್ ಶೀಟು ಬದಲಿಸಲು ಅವನನ್ನು ಹತ್ತಿಸಿದ್ದರು. ಅವನು ಕಾಲಿಟ್ಟ ಶೀಟೂ ಹಳೆಯದೇ ಆಗಿತ್ತು. ಮುಧೋಳದ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಒಂದು ಕಾಲಿನಲ್ಲಿ ಹವಾಯಿ ಚಪ್ಪಲಿ ಇತ್ತು. ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿರಲಿಲ್ಲ.

ಗುತ್ತಿಗೆದಾರ ಗಿರಮಲ್ಲಪ್ಪನ ಕೈಕೆಳಗೆ ಅವನು ಹದಿನಾಲ್ಕು ಸೀಜನ್ ದುಡಿದಿದ್ದ. ಆ ಫ್ಯಾಕ್ಟರಿಯಲ್ಲಿ ಕಾಯಂ ನೌಕರರಿಗೆ ನೀಲಿ ಅಂಗಿ, ಹಳದಿ ಹೆಲ್ಮೆಟ್. ಗುತ್ತಿಗೆಯವರಿಗೆ ಬರೀ ಗೇಟ್ ಪಾಸು.

ಲೋಕಾಪುರದಲ್ಲಿ ಅವನ ಮನೆಗೂ ನಮ್ಮ ಮನೆಗೂ ಗೋಡೆ ಒಂದೇ. ನಾನು ಪರಮಾನಂದ, ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಉಪಕರಣ ನೋಡಿಕೊಳ್ಳುವವನು. ಚಿತ್ರ ಬರೆಯುವುದು ನನ್ನ ಹವ್ಯಾಸ. ಒಂದು ವರ್ಷದಿಂದ, ಮಾತಿನಲ್ಲಿ ಹೇಳಿದ್ದನ್ನು ಚಿತ್ರ ಮಾಡಿಕೊಡುವ ಎಐ ಆ್ಯಪಿನ ಹುಚ್ಚು ಹಿಡಿದಿತ್ತು. ಯಾವ ಶಬ್ದಕ್ಕೆ ಎಂಥ ಬೆಳಕು ಬರುತ್ತದೆ ಎಂದು ವಹಿಯಲ್ಲಿ ಬರೆದಿಡುತ್ತಿದ್ದೆ.

ಐದನೆಯ ದಿನ ಲಗಮಪ್ಪನ ಹೆಂಡತಿ ಗುರುಬಸವ್ವ ಅವನ ಆಧಾರ್ ಕಾರ್ಡು ಹಿಡಿದು ಬಂದಳು.

“ಅಣ್ಣಾ, ದಿನಕರ್ಮದ ಬ್ಯಾನರಿಗೆ ಫೋಟೋ ಬೇಕಾಗೇತಿ. ಇದರಾಗ ಕಳ್ಳರಂಗ ಕಾಣ್ತಾರ.”

“ಆಧಾರದಾಗ ಎಲ್ಲಾರೂ ಹಂಗs ಕಾಣ್ತಾರ, ತಂಗಿ.”

ಅವಳು ನಕ್ಕಳು. ನಗುತ್ತಲೇ ಅಳು ಬಂತು.

ನಮ್ಮ ಕಡೆ ಸತ್ತವರಿಗೆ ಸ್ಟುಡಿಯೋದವರು ಕೋಟು, ಟೈ ಹಾಕಿಕೊಡುವುದು ರೂಢಿ. ಬದುಕಿದ್ದಾಗ ಕೋಟು ಮುಟ್ಟದವರೂ ಗೋಡೆಯ ಮೇಲೆ ಕೋಟಿನಲ್ಲಿರುತ್ತಾರೆ. “ಕೋಟು ಹಾಕಲೇನು?” ಎಂದೆ.

“ಕೋಟು ಬ್ಯಾಡ್ರಿ. ಕಾಯಂ ಮಂದಿ ಅರಬಿ ಹಾಕ್ರಿ. ನೀಲಿ ಅಂಗಿ, ಹಳದಿ ಟೋಪಿ, ಸೊಂಟಕ್ಕ ಬಿಗೀತಾರಲ್ಲ ಆ ಬೆಲ್ಟು. ಮುಂದಿನ ಸೀಜನ್ನಿಗೆ ಕಾಯಂ ಮಾಡ್ತಾರ ಅಂತ ವರ್ಷಾ ಹೇಳ್ತಿದ್ರು. ಚಿತ್ರದಾಗರ ಕಾಯಂ ಆಗಲಿ.”

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹಿಂದೊಮ್ಮೆ ಅವನು ಕಟ್ಟೆಯ ಮೇಲೆ ಚಹಾ ಕುಡಿಯುವಾಗ ನಾನು ಪೆನ್ಸಿಲಿನಲ್ಲಿ ಬರೆದಿದ್ದ ಮೂರು ಚಿತ್ರ ಇದ್ದವು. ಅವನ್ನೂ ಆಧಾರ್ ಫೋಟೋವನ್ನೂ ಯಂತ್ರಕ್ಕೆ ಕೊಟ್ಟೆ. ಕಾರ್ಮಿಕ ಎಂದು ಬರೆದರೆ ಸಿನಿಮಾ ಹೀರೋನನ್ನು ಕೊಟ್ಟಿತು. ಬಡ ಕಾರ್ಮಿಕ ಎಂದರೆ ಮುದುಕನನ್ನು ಕೊಟ್ಟಿತು. ಮೂವತ್ತೆಂಟು ವರ್ಷದ, ದುಡಿದು ಒಣಗಿದ, ಆದರೂ ಚೇಷ್ಟೆ ಬಿಡದ ಮುಖ ಅದಕ್ಕೆ ಗೊತ್ತಿರಲಿಲ್ಲ. ನಲವತ್ತೊಂದನೆಯ ಸಲ ಲಗಮಪ್ಪ ಬಂದ. ಹೆಲ್ಮೆಟ್ಟು ತೀರಾ ಹೊಸದಾಗಿ ಕಂಡಿತು. ಖರೆ ಅನಿಸಲಿ ಎಂದು ನಾನೇ ಅದಕ್ಕೆ ಎರಡು ಗೀರು ಹಾಕಿದೆ.

ಚಿತ್ರದ ಒಂದು ಪ್ರತಿಯನ್ನು ಗುರುಬಸವ್ವ ಮನೆಯ ಗೋಡೆಗೆ ಹಾಕಿದಳು. ಬಸ್ ಸ್ಟ್ಯಾಂಡಿನ ಹತ್ತಿರ ಬ್ಯಾನರ್ ಕಟ್ಟಿದರು. ಅವನ ಜೊತೆ ದುಡಿಯುತ್ತಿದ್ದ ನಿಂಗಣ್ಣ ಬಹಳ ಹೊತ್ತು ನೋಡಿದ.

“ಏ ಲಗಮಾ, ಸತ್ತ ಮ್ಯಾಲ ಕಾಯಂ ಆದ್ಯಲ್ಲೋ ಮಗನ!” ಎಂದು ಕಣ್ಣೊರೆಸಿಕೊಂಡ.

ಗಿರಮಲ್ಲಪ್ಪನೂ ಹಾರ ತಂದಿದ್ದ. ಬ್ಯಾನರಿನ ಎದುರು ನಿಂತು ಲಗಮಪ್ಪನ ಚಿತ್ರವನ್ನಷ್ಟೇ ಮೊಬೈಲಿನಲ್ಲಿ ಹೊಡೆದುಕೊಂಡ. “ಭಾಳ ಛಲೋ ಆಗೇತ್ರಿ, ಮಾಸ್ತರ,” ಎಂದು ನನ್ನ ಬೆನ್ನು ತಟ್ಟಿದ.

ಮಾರ್ಚಿನಲ್ಲಿ ಅಪಘಾತದ ವಿಚಾರಣೆಗೆ ಗುರುಬಸವ್ವನನ್ನು ಕಾರ್ಖಾನೆ ಇಲಾಖೆಯ ಆಫೀಸಿಗೆ ಕರೆದರು. ನನಗೆ ರಜೆ ಸಿಗಲಿಲ್ಲ. ಸಂಜೆ ಅವಳೇ ಬಂದು ಹೇಳಿದಳು.

“ಸಾಹೇಬ್ರು ಫೋಟೋ ತೋರಿಸಿದ್ರು. ಇಂವ ನಿನ್ನ ಗಂಡನs ಏನವಾ ಅಂದ್ರು. ಹೌದ್ರಿ ಅಂದೆ. ಸಹಿ ಮಾಡು ಅಂದ್ರು. ಮಾಡಿದೆ.”

“ಯಾವ ಫೋಟೋ?”

“ನೀವು ಮಾಡಿದ್ದs. ಟೋಪೀದು.” ಅವಳ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು. “ಅಲ್ಲಿ ಎಲ್ಲಾರೂ ನೋಡಿದ್ರು.”

ಅದನ್ನು ಅವರಿಗೆ ಯಾರು ಕೊಟ್ಟರೆಂದು ಕೇಳಿದೆ, ಅವಳಿಗೆ ಗೊತ್ತಿರಲಿಲ್ಲ.

ಮೂರು ವಾರಕ್ಕೆ ವರದಿ ಬಂತು. ನಾನೇ ಓದಿ ಹೇಳಬೇಕಾಯಿತು. ಮೃತನಿಗೆ ಹೆಲ್ಮೆಟ್ ಮತ್ತು ಸುರಕ್ಷತಾ ಬೆಲ್ಟ್ ಒದಗಿಸಲಾಗಿತ್ತು. ಛಾಯಾಚಿತ್ರವನ್ನು ಪತ್ನಿ ದೃಢಪಡಿಸಿದ್ದಾರೆ. ಹೆಲ್ಮೆಟ್ಟಿನ ಮೇಲಿನ ಗೀರುಗಳಿಂದ ಅದು ಬಹುಕಾಲ ಬಳಕೆಯಲ್ಲಿದ್ದುದು ಕಾಣುತ್ತದೆ. ಅಪಘಾತದ ದಿನ ಮೃತನು ಅವನ್ನು ಧರಿಸಿರಲಿಲ್ಲ. ಸಾವಿಗೆ ಸ್ವಂತ ನಿರ್ಲಕ್ಷ್ಯವೇ ಕಾರಣ.

ಗೀರುಗಳ ಸಾಲನ್ನು ನಾನು ಎರಡು ಸಲ ಓದಿದೆ. ಗುರುಬಸವ್ವ ಕೇಳಿದಳು, “ಅಂದ್ರ ತಪ್ಪು ನಮ್ಮ ಮನಿಯವರದs ಅಂತ ಬರದಾರೇನು?”

“ಹೌದು, ತಂಗಿ.”

“ನಾ ಸಹಿ ಮಾಡಿದ್ದಕ್ಕ?”

ನಾನು ಮಾಡಿದ ಚಿತ್ರಕ್ಕೆ ಎಂದೆ. ಅವಳಿಗೆ ಅದು ಕೇಳಿಸಿತೋ ಇಲ್ಲವೋ.

ಮರುದಿನ ಇಬ್ಬರೂ ಆ ಆಫೀಸಿಗೆ ಹೋದೆವು. ಗಿರಮಲ್ಲಪ್ಪ ಒಳಗೆ ಚಹಾ ಕುಡಿಯುತ್ತಿದ್ದ. ನಾನು ವಹಿ ಬಿಚ್ಚಿದೆ. ಬರೆದ ಶಬ್ದ, ತಾರೀಖು, ಕೆಟ್ಟುಹೋದ ನಲವತ್ತು ಚಿತ್ರ, ಎಲ್ಲವನ್ನೂ ತೋರಿಸಿದೆ. ಹದಿನೇಳನೆಯದರಲ್ಲಿ ಹೆಲ್ಮೆಟ್ ಬಿಳಿ ಇತ್ತು. ಇಪ್ಪತ್ತೆರಡರಲ್ಲಿ ಅವನಿಗೆ ಮೀಸೆಯೇ ಇರಲಿಲ್ಲ.

ಸಾಹೇಬರು ಕನ್ನಡಕ ಏರಿಸಿದರು. “ಅಂದ್ರ ಸುಳ್ಳು ಫೋಟೋ ತಯಾರ ಮಾಡಿದಾಂವ ನೀನs ಅಂದಂಗಾತು.”

“ಗೋಡಿಗೆ ಹಾಕಾಕ ಮಾಡಿದ್ದರಿ. ವಿಚಾರಣೆಗೆ ನಾವು ಕೊಟ್ಟಿಲ್ಲ.”

“ಕೊಟ್ಟವರು ಯಾರರ ಇರಲಿ. ಮಾಡಿದಾಂವ ನೀ, ಖರೆ ಅಂತ ಸಹಿ ಮಾಡಿದಾಕಿ ಈಕಿ. ಕೇಸು ಹಾಕಿದ್ರ ಇಬ್ಬರ ಮ್ಯಾಲೂ ಆಗತೈತಿ. ಹಾಕಲೇನು?”

ಗಿರಮಲ್ಲಪ್ಪ ಬಶಿ ಕೆಳಗಿಟ್ಟ. “ಹೋಗ್ಲಿ ಬಿಡ್ರಿ ಸಾಹೇಬ್ರ, ಬಡವರು. ಮಾಸ್ತರ, ಕೈ ಛಲೋ ಐತಿ ನಿಮ್ದು. ನಂದೊಂದು ಕುದರಿ ಮ್ಯಾಲ ಕುಂತಂಗ ಮಾಡಿಕೊಡ್ರಲಾ.”

ಗುರುಬಸವ್ವ ಮೊದಲ ಸಲ ಬಾಯಿ ತೆಗೆದಳು. “ಹದಿನಾಲ್ಕು ಸೀಜನ್ನಿನಾಗ ಒಂದು ಟೋಪಿ ಕೊಡಲಿಲ್ಲ, ಗೌಡ್ರ. ನಾವು ಚಿತ್ರದಾಗ ಹಾಕ್ಕೊಂಡಿದ್ದನ್ನೂ ನೀವs ಕೊಟ್ಟೀವಿ ಅಂದ್ರಿ.”

ಜವಾನ ಬಾಗಿಲು ತೋರಿಸಿದ.

ಆ ವಾರವೇ ಗಿರಮಲ್ಲಪ್ಪ ಅದೇ ಶೆಡ್ಡಿನ ತೂತಾದ ಶೀಟು ಮುಚ್ಚಲು ನಿಂಗಣ್ಣನಿಗೆ ಹತ್ತೆಂದ. ನಿಂಗಣ್ಣ ಏಣಿಯ ಬುಡದಲ್ಲಿ ನಿಂತ.

“ಲಗಮಪ್ಪಗ ಕೊಟ್ಟೀನಿ ಅಂತ ಬರಸೀರಲ್ರಿ, ಆ ಹೆಲ್ಮೆಟ್ ತರ್ರಿ. ಎರಡು ಗೀರು ಇರಬೇಕ ನೋಡ್ರಿ. ಹಾಕ್ಕೊಂಡು ಹತ್ತತೇನಿ.”

“ಏನಲೇ, ಮಸ್ತಿ ಬಂತೇನು?”

“ತರ್ರಿ ಗೌಡ್ರ,” ಎಂದ ಹಿಂದಿನಿಂದ ಚನಮಲ್ಲಪ್ಪ. ಅವನೂ ಗುತ್ತಿಗೆಯವನೇ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಹತ್ತೊಂಬತ್ತು ಜನ ಸಿಪ್ಪೆಯ ಮೇಲೆ ಕುಳಿತುಬಿಟ್ಟರು. ಗಿರಮಲ್ಲಪ್ಪ ಬೈದ, ಗೇಟ್ ಪಾಸು ಕಸಿಯುವೆನೆಂದ. ಯಾರೂ ಏಳಲಿಲ್ಲ. ಹೆಲ್ಮೆಟ್ಟೂ ಬರಲಿಲ್ಲ.

ಮನೆಯಲ್ಲಿ ಗುರುಬಸವ್ವ ಗೋಡೆಯ ಚಿತ್ರ ಇಳಿಸಿ ನನ್ನ ಕೈಗೆ ಕೊಟ್ಟಳು. “ಟೋಪಿ ತೆಗೀರಿ ಅಣ್ಣಾ. ಅವರನ್ನ ಇದ್ದಂಗ ಬರೀರಿ.” ಅಷ್ಟು ಆಸೆಯಿಂದ ತೊಡಿಸಿದ್ದನ್ನು ಅವಳ ಬಾಯಿಂದಲೇ ತೆಗೆಸಿದ್ದರು. ಪೆನ್ಸಿಲು ತೆಗೆದುಕೊಂಡೆ. ಟವೆಲ್ಲು ಬರೆಯುವುದಕ್ಕೆ ಇಡೀ ರವಿವಾರ ಬೇಕಾಯಿತು.

ಮೇಲಿನ ಸಾಹೇಬರಿಗೆ ಅರ್ಜಿ ಬರೆಯಲು ಕುಳಿತಾಗ ನೋಡಿದೆ, ಆರು ಪುಟದ ವರದಿಯಲ್ಲಿ ಅವನು ಬಿದ್ದ ಎತ್ತರವೇ ಇರಲಿಲ್ಲ. ಯಾರೂ ಅಳೆದಿರಲಿಲ್ಲ. ನಿಂಗಣ್ಣನಿಗೆ ಹೇಳಿದೆ. ಅವನು ಶೀಟಿನ ಮೇಲೆ ಕಾಲಿಡದೆ, ಶೆಡ್ಡಿಗೆ ತಾಗಿದ ಏಣಿಯ ತುದಿಯಿಂದ ಹಗ್ಗ ಇಳಿಬಿಟ್ಟು, ನೆಲ ಮುಟ್ಟಿದಲ್ಲಿಗೆ ಅಳತೆಯ ಗಂಟು ಹಾಕಿ ತಂದ.

ನಮ್ಮ ಓಣಿಯಲ್ಲಿ ಹಗ್ಗ ಹಾಸಿದೆವು. ಗುರುಬಸವ್ವ ಅವಳ ಹೊಸ್ತಿಲಿನಲ್ಲಿ ಒಂದು ತುದಿ ಹಿಡಿದು ಕುಳಿತಳು. ಹಗ್ಗ ನಮ್ಮ ಬಾಗಿಲು ದಾಟಿತು, ಮುಂದಿನ ಮನೆಯ ಕಟ್ಟೆಯನ್ನೂ ದಾಟಿತು. ನಾನು ಲ್ಯಾಬಿನ ಟೇಪಿನಿಂದ ಎರಡು ಸಲ ಅಳೆದೆ.

“ಎಷ್ಟ ಬಂತ್ರಿ?” ಎಂದು ಅವಳು ಅಲ್ಲಿಂದಲೇ ಕೂಗಿದಳು.

ಹನ್ನೊಂದು ಮೀಟರ್ ನಲವತ್ತೆರಡು ಸೆಂಟಿಮೀಟರ್.