ಟಿಕ್ಲಿಯ ಹಿಂದಿನ ಹಳದಿ ದೀಪ

ಮಕ್ತಲ್ ಸುತ್ತಿನ ಹಳ್ಳಿಯಿಂದ ಪಾಲಮೂರಿನ ಆಸ್ಪತ್ರೆಗೆ ವಾರಕ್ಕೆ ಎರಡು ಸಲ ಹೋಗಿಬರುವ ಕಷ್ಟ ಹೋದವರಿಗೇ ಗೊತ್ತು. ಅನ್ನಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೋಮವಾರ, ಗುರುವಾರ ಡಯಾಲಿಸಿಸ್. ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ, ಸೋತ ಮೈ ಹೊತ್ತುಕೊಂಡು ಬಸ್ಸಿನಲ್ಲಿ ಎಷ್ಟೋ ಸಲ ನಿಂತೇ ಊರಿಗೆ ಬರಬೇಕು. ಹೀಗೆ ಒಂದು ವರ್ಷ ಕಳೆದ ಮೇಲೆ ಅವಳ ಗಂಡ ಲಿಂಗಣ್ಣ ಒಂದು ಕಾರು ತರುವುದೆಂದು ನಿರ್ಧರಿಸಿದ.

ಗದ್ವಾಲದ ಡೀಲರ್ ಭೀಮಶಂಕರ್ ತೋರಿಸಿದ್ದು ಹೈದರಾಬಾದಿನ ಯಾರೋ ಡಾಕ್ಟರು ಏಳು ವರ್ಷ ಓಡಿಸಿ ಬಿಟ್ಟ ವಿದೇಶಿ ಕಾರು. ಮುಂದಿನ ಸೀಟು ಹಾಸಿಗೆಯ ಹಾಗೆ ಹಿಂದಕ್ಕೆ ಬಾಗುತ್ತಿತ್ತು. ಅನ್ನಮ್ಮ ಅದರಲ್ಲಿ ಒರಗಿದಳು, ಅವಳ ಮುಖ ಸಡಿಲಾಯಿತು. ಲಿಂಗಣ್ಣ ಅದನ್ನು ನೋಡಿದ. ವ್ಯಾಪಾರ ಅಲ್ಲಿಗೇ ಮುಗಿಯಿತು.

ಮಗ ಗುರುಲಿಂಗ ಮಾತ್ರ ಡಿಕ್ಕಿ ತೆರೆದು ನೋಡಿ ಕೇಳಿದ, "ಸ್ಟೆಪ್ನಿ ಎಲ್ಲೈತ್ರಿ?"

ಭೀಮಶಂಕರ್ ನಕ್ಕ. "ಇದಕ್ಕ ಸ್ಟೆಪ್ನಿ ಬೇಕಾಗಿಲ್ಲಪ್ಪ. ಇವು ರನ್‌ಫ್ಲಾಟ್ ಟೈರ್. ಗಾಳಿ ಪೂರಾ ಹೋದ್ರೂ ಓಡ್ತಾವು. ಪಂಚರ್ ಅನ್ನೋ ಫಿಕರೇ ಇಲ್ಲ."

ಗಾಳಿ ಹೋದ ಮೇಲೆ ಎಷ್ಟು ದೂರ ಓಡುತ್ತವೆ ಎಂದು ಅಪ್ಪ ಮಗ ಇಬ್ಬರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ಭೀಮಶಂಕರನಿಗೂ ಇರಲಿಲ್ಲ.

ಕಾರು ಊರಿಗೆ ಬಂತು. ವಿಭೂತಿ ಬಳಿದದ್ದಾಯಿತು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು. ಮೂರನೇ ದಿನ, ಬುಧವಾರ, ಸ್ಟೇರಿಂಗಿನ ಹಿಂದಿನ ಮೀಟರಿನಲ್ಲಿ ಒಂದು ಹಳದಿ ದೀಪ ಹೊತ್ತಿಕೊಂಡಿತು. ಬಾಯಿ ತೆರೆದ ಮಡಕೆಯಂಥ ಗುರುತು, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆ. ಗುರುಲಿಂಗ ಫೋಟೋ ತೆಗೆದು ಡೀಲರಿಗೆ ಕಳಿಸಿದ. ಐದು ನಿಮಿಷದಲ್ಲಿ ವಾಟ್ಸ್ಯಾಪಿನಲ್ಲಿ ಅವನ ದನಿಯೇ ಬಂತು.

"ಏಂ ಕಾದು ತಮ್ಮಾ, ಏನೂ ಆಗಂಗಿಲ್ಲ. ಹಳೇ ಸೆನ್ಸರ್, ತಲಿ ಕೆಟ್ಟಿರ್ತೈತಿ. ಕಣ್ಣಿಗೆ ಚುಚ್ಚಾಕ ಹತ್ತಿದ್ರ ಅದರ ಮ್ಯಾಲ ಏನರ ಅಂಟಿಸಿಬಿಡ್ರಿ."

ಲಿಂಗಣ್ಣ ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವನು. ಟೈರಿಗೆ ಒಂದು ಒದೆ ಕೊಟ್ಟು ಗಾಳಿ ಎಷ್ಟಿದೆ ಎಂದು ಹೇಳುವವನು ಎಂದು ಓಣಿಯಲ್ಲಿ ಅವನಿಗೆ ಹೆಸರಿತ್ತು. ಕಾರಿನ ಸುತ್ತ ಒಂದು ಸುತ್ತು ಹಾಕಿ ನಾಲ್ಕೂ ಟೈರಿಗೆ ಒದ್ದ. ನಾಲ್ಕೂ ನೆಟ್ಟಗೆ ನಿಂತಿದ್ದವು.

"ಕಲ್ಲಿದ್ದಂಗ ಅದಾವು. ದೀಪಕ್ಕೇನು ಗೊತ್ತು?" ಎಂದು ಅನ್ನಮ್ಮ ಹಣೆಗೆ ಹಚ್ಚಿಕೊಳ್ಳುವ ಟಿಕ್ಲಿ ಪಾಕೀಟಿನಿಂದ ದೊಡ್ಡದೊಂದು ಕೆಂಪು ಟಿಕ್ಲಿ ಕಿತ್ತು ದೀಪದ ಮೇಲೆ ಹಚ್ಚಿಬಿಟ್ಟ. ನೋಡಲು ಚೆನ್ನಾಗಿಯೇ ಕಾಣುತ್ತಿತ್ತು.

ಗುರುವಾರ ಪಾಲಮೂರಿಗೆ ಹೋಗಿಬಂದರು. ಶನಿವಾರ ನಾರಾಯಣಪೇಟೆಗೂ ಹೋಗಿಬಂದರು. ಸೋಮವಾರ ಬೆಳಿಗ್ಗೆ ಮತ್ತೆ ಪಾಲಮೂರಿಗೆ ಹೊರಟಾಗ, ಮಕ್ತಲ್ ಹತ್ತಿರ ಬರುತ್ತಲೇ ಗುರುಲಿಂಗ ಹೇಳಿದ, "ಅಪ್ಪಾ, ಸ್ಟೇರಿಂಗ್ ಎಡಕ್ಕ ಎಳಿಯಾಕ ಹತ್ತೈತಿ. ಝಾನ್ಸಕ್ಕನ ಅಂಗಡ್ಯಾಗ ತೋರಿಸೂಣು."

ಹೆದ್ದಾರಿಯ ಪಕ್ಕದಲ್ಲಿ ಝಾನ್ಸಿ ಮತ್ತು ಅವಳ ಗಂಡನ ಟೈರ್ ಅಂಗಡಿ ಇದೆ. ಗಂಡ ಸಾಮಾನು ತರಲು ಹೋದ ದಿನ ಝಾನ್ಸಿಯೇ ಲಾರಿ ಗಾಲಿ ಬಿಚ್ಚುತ್ತಾಳೆ. ಅವಳು ಗಾಳಿಯ ಮೀಟರ್ ಹಿಡಿದು ಬರುವಷ್ಟರಲ್ಲಿ ಲಿಂಗಣ್ಣ ಇಳಿದು ಮುಂದಿನ ಎಡಗಡೆಯ ಟೈರಿಗೆ ಒದ್ದಾಗಿತ್ತು.

"ಗಾಳಿ ಬರಾಬರ್ ಐತಿ ತಂಗಿ. ನೀ ಬರೇ ಅಲೈನ್‌ಮೆಂಟ್ ನೋಡು. ಹನ್ನೊಂದಕ್ಕ ನಮ್ಮ ಪಾಳಿ ಐತಿ."

ಝಾನ್ಸಿ ಕೇಳಿಸಿಕೊಳ್ಳದವಳಂತೆ ಮೀಟರ್ ಹಚ್ಚಿದಳು. "ಮೂವತ್ಮೂರು ಇರಬೇಕಾದಲ್ಲಿ ಒಂಬತ್ತು ಐತಿ ಕಾಕಾ."

"ನಿನ್ನ ಮೀಟರ್ ಕೆಟ್ಟಿರಬೇಕು. ಟೈರ್ ನೋಡು, ಹೆಂಗ ನಿಂತೈತಿ!"

"ಅದ ಇದರ ಗುಣ. ಪಕ್ಕದ ರಬ್ಬರ್ ಭಾಳ ದಪ್ಪ, ಗಾಳಿ ಹೋದ್ರೂ ಕುಂದ್ರಂಗಿಲ್ಲ. ಟ್ರ್ಯಾಕ್ಟರ್ ಟೈರಿನಂಗ ಒದ್ರ ತಿಳಿಯಂಗಿಲ್ಲ, ನೋಡಿದ್ರೂ ತಿಳಿಯಂಗಿಲ್ಲ. ಅದಕ್ಕ ಒಳಗ ಸೆನ್ಸರ್ ಇಟ್ಟು, ಮುಂದ ದೀಪ ಇಟ್ಟಿರ್ತಾರ. ದೀಪ ಹತ್ತಿಲ್ಲೇನು?"

ಗುರುಲಿಂಗ ತಲೆ ಕೆರೆದುಕೊಂಡ. ಝಾನ್ಸಿ ಬಾಗಿ ಒಳಗೆ ನೋಡಿದಳು. ಟಿಕ್ಲಿ ಕಿತ್ತಳು. ಹಳದಿ ದೀಪ ಉರಿಯುತ್ತಲೇ ಇತ್ತು. ಗಾಡಿ ಬಂದ್ ಮಾಡಿಸಿ, ಮತ್ತೆ ಚಾಲೂ ಮಾಡಿಸಿ ನೋಡಿದಳು.

"ಸೆನ್ಸರಿನ ತಲಿ ಕೆಟ್ಟೈತಿ ಅಂತ ಡೀಲರ್ ಹೇಳ್ಯಾನ," ಎಂದ ಲಿಂಗಣ್ಣ. ಈಗ ದನಿ ಸ್ವಲ್ಪ ತಗ್ಗಿತ್ತು.

"ಇಂಥ ಗಾಡ್ಯಾಗ ಸೆನ್ಸರ್ ಕೆಟ್ರ ದೀಪ ಮೊದ್ಲು ಒಂದು ನಿಮಿಷ ಮಿಣಿಮಿಣಿ ಅಂತೈತಿ, ಆಮ್ಯಾಲ ಒಂದೇ ಸಮ ಉರೀತೈತಿ. ಇದು ಚಾಲೂ ಮಾಡಿದ ಕೂಡಲೆ ಸೀದಾ ಹತ್ತೈತಿ. ಗಾಳಿ ಕಡಿಮಿ ಆಗೈತಿ ಅಂತ ಖರೇನ ಹೇಳೈತಿ ಪಾಪ. ಎಷ್ಟು ದಿನದಿಂದ ಓಡಿಸೀರಿ?"

ಗುರುಲಿಂಗ ಲೆಕ್ಕ ಹಾಕಿದ. ಇನ್ನೂರು ಕಿಲೋಮೀಟರ್ ದಾಟಿತ್ತು.

"ಗಾಳಿ ಹೋದ ಮ್ಯಾಲ ಎಂಬತ್ತು ಕಿಲೋಮೀಟರ್ ಅಂತಾರ ಭಾಳ ಕಂಪನಿಯವ್ರು. ಅದೂ ಮೆಲ್ಲಕ, ಟೈರ್ ಅಂಗಡಿ ಮುಟ್ಟೋ ತನಕ. ತಿರುಗಾಡಾಕ ಅಲ್ಲ."

ಅವಳು ಟೈರ್ ಬಿಚ್ಚಿ ಒಳಗೆ ಕೈ ಹಾಕಿದಳು. ಬೊಗಸೆ ತುಂಬ ಕಪ್ಪು ಪುಡಿ ಬಂತು. ಒಳಗಿನ ರಬ್ಬರ್ ಸವೆದು ಉದುರಿದ್ದು ಅದು. ಹಳೇ ಮೊಳೆಯ ತೂತಿಗೆ ಹೊರಗಿನಿಂದ ಯಾರೋ ತೇಪೆ ತುರುಕಿದ್ದರು. ಅಲ್ಲಿಂದಲೇ ಗಾಳಿ ಸೋರುತ್ತಿತ್ತು.

ಬಾಗಿಲು ತೆರೆದು ಕೂತಿದ್ದ ಅನ್ನಮ್ಮ ಕೇಳಿದಳು, "ಇದು ದಾರ್ಯಾಗ ಒಡದ್ರ ಏನಾಗ್ತಿತ್ತು ಝಾನ್ಸಿ?"

"ಹೈವೇದಾಗ ಓಡೋವಾಗ ಒಡದ್ರ ಗಾಡಿ ಕೈಯಾಗ ನಿಲ್ಲಂಗಿಲ್ಲ ಚಿಗವ್ವ."

ಲಿಂಗಣ್ಣ ಗಡಿಯಾರ ನೋಡಿದ. "ಇದೊಂದ್ ಸಲ ಹಾಕಿ ಗಾಳಿ ತುಂಬು ತಂಗಿ. ಮೆಲ್ಲಕ ಹೋಗ್ತೀವಿ. ಪಾಳಿ ತಪ್ಪಿದ್ರ ಆಕಿ ಉಸಿರಿಗೆ ತ್ರಾಸ್ ಆಗ್ತೈತಿ."

"ನೀವು ಬೈದ್ರೂ ಪರವಾ ಇಲ್ಲ ಕಾಕಾ, ಈ ಟೈರ್ ನಾ ಹಾಕಂಗಿಲ್ಲ."

ಅನ್ನಮ್ಮ ಆಗಲೇ ಕೆಳಗೆ ಇಳಿದಿದ್ದಳು. ಬಾತ ಪಾದಗಳಿಗೆ ಚಪ್ಪಲಿ ಸಿಕ್ಕಿಸಿಕೊಳ್ಳುತ್ತ ಹೇಳಿದಳು, "ನಾ ಆಸ್ಪತ್ರಿಗೆ ಹೋಗೋದು ಬದುಕಾಕ, ದಾರ್ಯಾಗ ಸಾಯಾಕ ಅಲ್ಲ. ಗುರುಲಿಂಗಾ, ಬಸ್ಸಿಗೆ ಕೈ ಮಾಡು."

ಝಾನ್ಸಿಯೇ ರಸ್ತೆಗೆ ಇಳಿದು ಬಸ್ಸು ನಿಲ್ಲಿಸಿದಳು. ಕಂಡಕ್ಟರಿಗೆ ಹೇಳಿ ಒಂದು ಸೀಟು ಬಿಡಿಸಿಕೊಟ್ಟಳು. ಲಿಂಗಣ್ಣ ಕಾರಿನ ಹತ್ತಿರ ಉಳಿದ. ತಾಯಿ ಮಗ ಆಸ್ಪತ್ರೆ ಮುಟ್ಟಿದಾಗ ಹನ್ನೆರಡೂವರೆ. ಅವಳ ಯಂತ್ರ ಬೇರೆಯವರಿಗೆ ಹೋಗಿತ್ತು. ಕಾದು ಕಾದು ಸಂಜೆ ಸಿಕ್ಕಿದ್ದು ಎರಡೂವರೆ ತಾಸು ಮಾತ್ರ. ಮುಂದಿನ ಎರಡು ರಾತ್ರಿ ಅನ್ನಮ್ಮನಿಗೆ ನೆಟ್ಟಗೆ ಮಲಗಲಾಗಲಿಲ್ಲ, ಗೋಡೆಗೆ ಒರಗಿ ಕೂತೇ ಉಸಿರಾಡಿದಳು. ಲಿಂಗಣ್ಣ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದ. ಒಂದು ಟಿಕ್ಲಿ ಹಚ್ಚಿದ್ದಕ್ಕೆ ಇಷ್ಟೆಲ್ಲ ಆಯಿತು.

ಬುಧವಾರ ಲಿಂಗಣ್ಣ ಆ ಟೈರನ್ನು ಗೂಡ್ಸ್ ಆಟೋಕ್ಕೆ ಹಾಕಿಕೊಂಡು ಮಗನ ಜೊತೆ ಗದ್ವಾಲಕ್ಕೆ ಹೋದ. ಭೀಮಶಂಕರ್ ಗಂಡ ಹೆಂಡತಿ ಇಬ್ಬರಿಗೆ ಒಂದು ಕಾರು ತೋರಿಸುತ್ತಿದ್ದ. ಇವರನ್ನು ಕಂಡು ಚಹಾ ತರಿಸಲು ಹೊರಟ.

"ಚಹಾ ಬ್ಯಾಡ್ರಿ. ಗಾಳಿ ಹೋದ ಮ್ಯಾಲ ಈ ಟೈರ್ ಎಷ್ಟು ದೂರ ಓಡ್ತೈತಿ, ಅದನ್ನ ಹೇಳ್ರಿ."

"ಅದು... ಸ್ವಲ್ಪ ದೂರ ಓಡ್ತೈತಿ."

"ಗಾಳಿ ಹೋಗೈತಿ ಅಂತ ನನಗ ಹೆಂಗ ಗೊತ್ತಾಗಬೇಕು?"

"ದೀಪ ಹತ್ತತೈತಲ್ಲ ಅಣ್ಣಾ."

"ಆ ದೀಪ ಮುಚ್ಚು ಅಂದವರು ಯಾರು?"

"ನಾ ಎಲ್ಲಿ ಅಂದೆ?" ಎಂದ ಭೀಮಶಂಕರ್.

ಗುರುಲಿಂಗ ಫೋನ್ ತೆಗೆದು ದನಿ ಜೋರು ಮಾಡಿದ. ಏಂ ಕಾದು ತಮ್ಮಾ ಎಂದು ಶುರುವಾಗಿ ಏನರ ಅಂಟಿಸಿಬಿಡ್ರಿ ಎನ್ನುವ ತನಕ ಅಂಗಡಿಯಲ್ಲಿ ಎಲ್ಲರಿಗೂ ಕೇಳಿಸಿತು. ಕಾರು ನೋಡಲು ಬಂದ ಹೆಂಗಸು ತೆರೆದಿದ್ದ ಬಾಗಿಲು ಮುಚ್ಚಿ, ಗಂಡನ ಮುಖ ನೋಡಿದಳು.

"ಮೆಲ್ಲಕ ಅಣ್ಣಾ, ಮೆಲ್ಲಕ. ಮುಂದಿನ ಎರಡೂ ಸಾದಾ ಟೈರ್ ಹೊಸಾವು ಹಾಕಿಸಿಕೊಡ್ತೀನಿ, ಆತಿಲ್ಲೋ?"

ಝಾನ್ಸಿ ಇದನ್ನು ಮೊದಲೇ ಹೇಳಿಕೊಟ್ಟಿದ್ದಳು. ಲಿಂಗಣ್ಣ ತಲೆ ಅಲ್ಲಾಡಿಸಿದ. "ಸಾದಾ ಹಾಕಿದ್ರ ಪಂಚರ್ ಆದಾಗ ಬದಲಿಸಾಕ ಸ್ಟೆಪ್ನಿ ಎಲ್ಲೈತಿ? ಜಾಕ್ ಎಲ್ಲೈತಿ? ಎರಡು ಸಾದಾ, ಎರಡು ರನ್‌ಫ್ಲಾಟ್ ಕಲಸಬಾರದು. ಇದ್ದ ಅಳತಿದೇ, ರನ್‌ಫ್ಲಾಟೇ ಬೇಕು. ನಾಲ್ಕೂ ಸೆನ್ಸರ್ ಪರೀಕ್ಷೆ ಮಾಡಿಸಿ ಬಿಲ್ಲಿನ್ಯಾಗ ಬರೀರಿ. ಇಲ್ಲಂದ್ರ ಈ ದನಿ ಗ್ರಾಹಕರ ಕಮಿಷನ್ನಿಗೆ ಕೇಳಿಸ್ತೀನಿ."

ಭೀಮಶಂಕರ್ ಒಮ್ಮೆ ಗಿರಾಕಿಗಳ ಕಡೆ, ಒಮ್ಮೆ ಫೋನಿನ ಕಡೆ ನೋಡಿದ. ಆಮೇಲೆ ಬಿಲ್ ಪುಸ್ತಕ ತೆಗೆದ.

ಆ ಗುರುವಾರ ಬಾಡಿಗೆ ಗಾಡಿಯಲ್ಲಿ ಹೋದರು. ಮುಂದಿನ ಸೋಮವಾರಕ್ಕೆ ಟೈರ್ ಬಂದಿದ್ದವು. ಹೊರಡುವ ಮೊದಲು ಲಿಂಗಣ್ಣ ಕುಕ್ಕರುಗಾಲಲ್ಲಿ ಕೂತು, ಕೈಮೀಟರ್ ಹಿಡಿದು ನಾಲ್ಕೂ ಟೈರಿನ ಗಾಳಿ ನೋಡಿದ. ಎದ್ದು ಹೆಂಡತಿಯ ಮುಂದೆ ನಿಂತ. ಮದುವೆಯಾಗಿ ಮೂವತ್ನಾಲ್ಕು ವರ್ಷದಲ್ಲಿ ಆಡದ ಮಾತು ಆಡಿದ.

"ಅವತ್ತು ನಿನಗ ಅಷ್ಟು ತ್ರಾಸ್ ಆತಲ್ಲ, ಅದಕ್ಕ ಡೀಲರ್ ಒಬ್ಬನ ಕಾರಣ ಅಲ್ಲ. ನಂದೂ ತಪ್ಪು ಐತಿ."

ಅನ್ನಮ್ಮ ಅವನನ್ನು ಒಂದು ಗಳಿಗೆ ನೋಡಿದಳು. "ಐತಿ. ನಡೀರಿ ಈಗ, ಹೊತ್ತಾಗ್ತೈತಿ."

ಅಂದು ಅವರು ಹತ್ತೂವರೆಗೆ ಮುಟ್ಟಿದರು. ಅನ್ನಮ್ಮನಿಗೆ ಪೂರಾ ನಾಲ್ಕು ತಾಸು ಸಿಕ್ಕಿತು.

ಇದನ್ನು ಓದಿದ ಅಣ್ಣಂದಿರೇ, ಅಕ್ಕಂದಿರೇ, ಕಾಗದ ಮಡಚಿಡುವ ಮೊದಲು ನಿಮ್ಮ ಗಾಡಿಯ ಡಿಕ್ಕಿ ತೆರೆದು ನೋಡಿ. ಸ್ಟೆಪ್ನಿ ಇಲ್ಲದಿದ್ದರೆ ಟೈರ್ ಯಾವುದು ಎಂದು ತಿಳಿದವರಲ್ಲಿ ಕೇಳಿ. ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿರುವಾಗ ಮೀಟರ್ ಹಚ್ಚಿ ಗಾಳಿ ನೋಡಿಸಿ. ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ ಬರೆದಿರುತ್ತದೆ. ಹಳೇ ಗಾಡಿ ಕೊಳ್ಳುವಾಗ ಚಾವಿ ತಿರುಗಿಸಿ, ಹಳದಿ ದೀಪ ಒಮ್ಮೆ ಹತ್ತಿ ಆರುತ್ತದೆಯೇ ನೋಡಿ. ಹತ್ತದೇ ಇದ್ದರೂ ಅನುಮಾನ, ಆರದೇ ಇದ್ದರೂ ಅನುಮಾನ. ಡೀಲರ್ ಬಾಯಿಮಾತಲ್ಲಿ ಹೇಳಿದ್ದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಗಾಡಿಯಲ್ಲಿ ಜೊತೆಗೆ ಕೂತವರಿಗೆ ಆ ದೀಪದ ಅರ್ಥ ಗೊತ್ತಿರುವುದಿಲ್ಲ. ಅವರು ನಂಬಿ ಹತ್ತಿರುವುದು ನಿಮ್ಮನ್ನು.