ಸಿಂಕಿನ ಯಂತ್ರಕ್ಕೆ ಕೈ ಹಾಕುವ ಮುನ್ನ

ಮೇಲಿನ ಮಹಡಿಯಲ್ಲಿ ಮನೆ ಇದ್ದವರಿಗೆ ಅಡುಗೆಮನೆಯ ಕಸದ ಡಬ್ಬಿ ಮುನಿಸಿಕೊಂಡ ನೆಂಟರಿದ್ದ ಹಾಗೆ. ಒಂದು ದಿನ ವಿಚಾರಿಸಿಕೊಳ್ಳದಿದ್ದರೆ ಸಾಕು, ಮನೆಗೆಲ್ಲ ಗೊತ್ತಾಗುವಂತೆ ಮಾಡುತ್ತದೆ. ಕತ್ತರಿಯಣ್ಣನ ಮನೆಯಲ್ಲೂ ಇದೇ ಗೋಳು. ಕೆಳಗೆ ಬೀದಿಗೆ ಮುಖ ಮಾಡಿ ಅವನ ಕ್ಷೌರದ ಅಂಗಡಿ, ಅದೇ ಕಟ್ಟಡದ ಮೇಲೆ ಮನೆ. ಲಿಫ್ಟ್ ಕೆಟ್ಟ ದಿನ ಡಬ್ಬಿ ಹಿಡಿದು ಮೆಟ್ಟಿಲಿಳಿಯುವ ಕೆಲಸ ಹೆಂಡತಿಯ ಪಾಲಿಗೆ. ಅವಳನ್ನು ಕಟ್ಟಡದವರೆಲ್ಲ ಅತ್ತಿಗೆ ಎಂದೇ ಕರೆಯುತ್ತಿದ್ದರು.

“ಸಿಂಕಿನ ಕೆಳಗೆ ಕೂರಿಸೋ ಕಸ ಅರೆಯೋ ಯಂತ್ರ ತರೋಣ. ಸಿಪ್ಪೆ, ಎಂಜಲು ಎಲ್ಲಾ ನುಣ್ಣಗಾಗಿ ನೀರಲ್ಲಿ ಹೋಗುತ್ತೆ. ನನ್ನ ಮಂಡಿಯಾದ್ರೂ ಉಳಿಯುತ್ತೆ” ಎಂದಳು ಅತ್ತಿಗೆ.

ಎದುರು ಮನೆಯಲ್ಲಿ ಆಸ್ಪತ್ರೆಯ ದಾದಿ ಇದ್ದಳು. ಎಲ್ಲರಿಗೂ ಅವಳು ನರ್ಸಮ್ಮ. ಅವಳ ಮನೆಯಲ್ಲಿ ಅಂಥ ಯಂತ್ರ ಮೊದಲೇ ಇತ್ತು. ಗಂಡ ಹೆಂಡತಿ ಇಬ್ಬರೂ ಹೋಗಿ ನೋಡಿದರು.

“ಅಣ್ಣಾ, ಇದರಲ್ಲಿ ಎರಡು ಥರ ಇದೆ” ಎಂದಳು ನರ್ಸಮ್ಮ. “ಒಂದರ ಬಾಯಿ ಯಾವಾಗಲೂ ತೆರೆದೇ ಇರುತ್ತೆ, ಸ್ವಿಚ್ ಒತ್ತಿದ್ರೆ ತಿರುಗುತ್ತೆ. ಇನ್ನೊಂದು ಮುಚ್ಚಳ ಹಾಕಿ ತಿರುವಿದ್ರೆ ಮಾತ್ರ ಓಡುತ್ತೆ. ಮುಚ್ಚಳ ತೆಗೆದ್ರೆ ತಾನೇ ನಿಲ್ಲುತ್ತೆ. ನೀವು ಮುಚ್ಚಳದ್ದೇ ತಗೊಳ್ಳಿ.”

“ಒಂದೊಂದು ಸಿಪ್ಪೆಗೂ ಮುಚ್ಚಳ ತಿರುವ್ತಾ ಕೂರೋಕೆ ಯಾರಿಗಮ್ಮ ಪುರುಸೊತ್ತು? ದಿನವಿಡೀ ಹರಿತವಾದ ಕತ್ತಿ ಹಿಡಿಯೋನು ನಾನು. ನನಗೇ ಭಯ ಹೇಳ್ತೀಯಲ್ಲ!”

“ಭಯ ಅಲ್ಲ ಅಣ್ಣಾ. ಇಂಥ ಯಂತ್ರಕ್ಕೆ ಸಿಕ್ಕಿದ ಕೈಗಳಿಗೆ ನಾನೇ ಪಟ್ಟಿ ಕಟ್ಟಿದ್ದೀನಿ. ಹೋಗಲಿ, ಪ್ಲಗ್ ಆದ್ರೂ ಕೈಗೆ ಸಿಗೋ ಹಾಗೆ ಹಾಕಿಸಿ. ಸ್ವಿಚ್ಚು ಬೇರೆ ಕಡೆ ಇರಲಿ, ಲೈಟಿನ ಪಕ್ಕ ಬೇಡ.”

ಕತ್ತರಿಯಣ್ಣ ನಗುತ್ತಲೇ ತಲೆಯಾಡಿಸಿದ. ಮಾತನ್ನು ಮಾತ್ರ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ತೆರೆದ ಬಾಯಿಯ ಯಂತ್ರವನ್ನೇ ತಂದ. ಹೊಸ ಸ್ವಿಚ್ಚಿಗಾಗಿ ಗೋಡೆ ಒಡೆಯುವುದು ಬೇಡವೆಂದು, ಅಡುಗೆಮನೆ ಬಾಗಿಲ ಬಳಿಯ ಬೋರ್ಡಿನಲ್ಲಿ ಲೈಟಿನ ಪಕ್ಕ ಖಾಲಿ ಇದ್ದ ಜಾಗಕ್ಕೇ ಯಂತ್ರದ ಸ್ವಿಚ್ಚನ್ನು ಕೂರಿಸಿದ.

ಇಲ್ಲಿ ಆ ಮನೆಯ ಒಂದು ಅಭ್ಯಾಸ ಹೇಳಬೇಕು. ಆ ಬೋರ್ಡಿನಲ್ಲಿ ಯಾವ ಸ್ವಿಚ್ಚು ಯಾವುದಕ್ಕೆ ಎಂದು ಯಾರೂ ನೆನಪಿಟ್ಟುಕೊಂಡವರಲ್ಲ. ಒಳಗೆ ಬಂದವರು ಅಂಗೈಯಿಂದ ಒಮ್ಮೆ ಎಲ್ಲವನ್ನೂ ಸವರಿ ಒತ್ತುತ್ತಿದ್ದರು. ಲೈಟೂ ಹತ್ತುತ್ತಿತ್ತು, ಫ್ಯಾನೂ ತಿರುಗುತ್ತಿತ್ತು. ಬೇಡವಾದದ್ದನ್ನು ಆಮೇಲೆ ಆರಿಸಿದರಾಯಿತು. ಯಂತ್ರ ಬಂದ ಮೇಲೂ ಈ ಅಭ್ಯಾಸ ಹೋಗಲಿಲ್ಲ. ಎಷ್ಟೋ ಸಲ ಅದು ಸುಮ್ಮನೆ ಗರ್ರೆಂದಾಗ ಎಲ್ಲರೂ ನಕ್ಕು ಆರಿಸಿದ್ದರು.

ಒಂದು ಸಂಜೆ ಯಂತ್ರ ತಿರುಗದೆ ಗುಂಯ್ ಎನ್ನತೊಡಗಿತು. ತೊಳೆಯುವ ಪಾತ್ರೆಗಳ ಜೊತೆ ಚಿಕ್ಕ ಚಮಚವೊಂದು ಒಳಗೆ ಜಾರಿತ್ತು. ಕತ್ತರಿಯಣ್ಣ ಸ್ವಿಚ್ ಆರಿಸಿದ. ಪ್ಲಗ್ ಕೀಳಲಿಲ್ಲ. ಅದು ಸಿಂಕಿನ ಕೆಳಗೆ ಸಾಮಾನುಗಳ ಹಿಂದೆ ಎಲ್ಲೋ ಇತ್ತು. ಅಂಗಡಿಯಲ್ಲಿ ಕೂದಲು ಕತ್ತರಿಸುವ ಮಿಶಿನ್ ಸಿಕ್ಕಿಕೊಂಡರೆ ಅವನು ನೋಡದೆಯೇ ಬೆರಳ ತುದಿಯಲ್ಲಿ ಬಿಡಿಸುವವನು. ಇಲ್ಲೂ ಹಾಗೆಯೇ ಕೈ ಇಳಿಬಿಟ್ಟು ತಡಕಿದ. ಚಮಚ ಸಿಕ್ಕಿತು, ಅಲುಗಾಡಿಸಿದ, ಸಡಿಲವೂ ಆಯಿತು.

ಅಷ್ಟರಲ್ಲಿ ಅತ್ತಿಗೆ ಬಾಲ್ಕನಿಯಿಂದ ಅಂಗಡಿಯ ಒಣಗಿದ ಟವೆಲ್ಲುಗಳನ್ನು ಅಪ್ಪಿಕೊಂಡು ಒಳಗೆ ಬಂದಳು. ಗಂಡ ಮಬ್ಬಿನಲ್ಲಿ ಸಿಂಕಿಗೆ ಬಗ್ಗಿ ನಿಂತಿದ್ದ.

“ಅಯ್ಯೋ, ಕತ್ತಲಲ್ಲಿ ಏನು ಹುಡುಕ್ತಿದ್ದೀರಿ?” ಎನ್ನುತ್ತ ಅವಳು ಬೋರ್ಡಿನ ಮೇಲೆ ಅಂಗೈ ಸವರಿದಳು.

ಲೈಟು ಹತ್ತಿತು. ಯಂತ್ರವೂ ತಿರುಗಿತು.

ಚೀರಾಟ ಕೇಳಿ ನರ್ಸಮ್ಮ ಓಡಿ ಬಂದು, ಅದೇ ಟವೆಲ್ಲುಗಳಿಂದ ಕೈಯನ್ನು ಬಿಗಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಬೆರಳುಗಳು ಉಳಿದವು. ಆದರೆ ಬಲಗೈಯ ನಡುಬೆರಳು, ಉಂಗುರಬೆರಳು ಮತ್ತೆ ಮಡಚಲಿಲ್ಲ. ಕ್ಷೌರದವನು ಕತ್ತರಿಯ ಒಂದು ಕಣ್ಣಿಗೆ ಹೆಬ್ಬೆರಳು ಹಾಕುತ್ತಾನೆ, ಇನ್ನೊಂದಕ್ಕೆ ಉಂಗುರಬೆರಳು. ಈಗ ಅವನ ಅಂಗಡಿಯ ಕುರ್ಚಿಯ ಹಿಂದೆ ಸಂಬಳದ ಕೆಲಸಗಾರ ನಿಲ್ಲುತ್ತಾನೆ. ಕತ್ತರಿಯಣ್ಣ ಬಾಗಿಲ ಬಳಿ ಕೂತು ಬಂದವರನ್ನು ಮಾತಾಡಿಸುತ್ತಾನೆ. ಹಳೆಯ ಗಿರಾಕಿ ಯಾರಾದರೂ “ನೀವೇ ಕತ್ತರಿಸಿದ್ರೆ ಚೆನ್ನಾಗಿತ್ತು” ಎಂದರೆ, ನೀರು ಕುಡಿದು ಬರುತ್ತೇನೆಂದು ಎದ್ದು ಹೋಗುತ್ತಾನೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಅತ್ತಿಗೆಗೆ ಎಲ್ಲವೂ ಆಮೇಲೆಯೇ ತಿಳಿದದ್ದು. ನರ್ಸಮ್ಮನ ಜೊತೆ ಕೂತು ಯಂತ್ರದ ಒಂದೊಂದು ವಿಷಯವನ್ನೂ ಕೇಳಿ ಕಲಿತಳು.

ಹೀಗಿರುವಾಗ ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ಅತ್ತಿಗೆಯ ತಂಗಿಯ ಮನೆಗೆ ಹೋದರು. ಅಲ್ಲೂ ಅಂಥದ್ದೇ ತೆರೆದ ಬಾಯಿಯ ಯಂತ್ರವಿತ್ತು. ಹೋದ ಹೊತ್ತಿಗೆ ಅಡುಗೆಮನೆಯಲ್ಲಿ ಅದೇ ಗುಂಯ್ ಸದ್ದು. ತಂಗಿಯ ಗಂಡ ಸ್ವಿಚ್ ಆರಿಸಿ ಅಂಗಿಯ ತೋಳು ಮಡಚುತ್ತಿದ್ದ.

“ನಿಲ್ಲಿಸೀ!” ಎಂದು ಕೂಗಿದಳು ಅತ್ತಿಗೆ. ಅವನು ಬೆಚ್ಚಿಬಿದ್ದ.

“ಆರಿಸಿದ್ದೀನಲ್ಲ ಅಕ್ಕಾ. ಭಾವನಿಗೆ ಏನೋ ಗ್ರಹಚಾರ, ಹಾಗಾಯ್ತು. ನಮ್ಮನೇಲಿ ಯಾರು ಬಂದು ಒತ್ತುತ್ತಾರೆ?”

“ಯಾರು ಒತ್ತುತ್ತಾರೆ ಅಂದ್ರೆ? ನಿಮ್ಮ ಹೆಂಡತಿ ಒತ್ತುತ್ತಾಳೆ. ನಿಮ್ಮ ಮೇಲಿನ ಪ್ರೀತಿಯಿಂದಲೇ ಒತ್ತುತ್ತಾಳೆ. ಆಮೇಲೆ ಬದುಕಿರೋವರೆಗೂ ಅವಳಿಗೆ ನಿದ್ದೆ ಇರಲ್ಲ” ಎಂದಳು ಅತ್ತಿಗೆ.

ಕತ್ತರಿಯಣ್ಣ ಸಿಂಕಿನ ಕೆಳಗೆ ಬಗ್ಗಿ, ಎಡಗೈಯಿಂದ ಪ್ಲಗ್ ಕಿತ್ತು ಷಡ್ಡಕನ ಕೈಗೆ ಕೊಟ್ಟ.

“ಇದು ಹೊರಗೆ ಬರೋವರೆಗೂ ಯಂತ್ರ ಆರಿಲ್ಲ ಅಂತಲೇ ತಿಳ್ಕೊ, ಮಾರಾಯ. ಪ್ಲಗ್ ಕಿತ್ತ ಮೇಲೂ ಕೈ ಹಾಕಬೇಡ. ಟಾರ್ಚ್ ಬಿಟ್ಟು ನೋಡು, ಇಕ್ಕಳದಲ್ಲಿ ತೆಗೆ.”

ಟಾರ್ಚಿನ ಬೆಳಕಿಗೆ ಬಾಟಲಿಯ ಮುಚ್ಚಳ ಕಂಡಿತು. ಎಳೆದರೆ ಬರಲಿಲ್ಲ. ಯಂತ್ರದ ಅಡಿಯಲ್ಲಿ ನಡುವೆ ಒಂದು ತೂತಿತ್ತು. ಕೊಂಡಾಗ ಯಂತ್ರದ ಜೊತೆಗೆ ಬಂದಿದ್ದ ಬಾಗಿದ ಕೀಲಿಯನ್ನು ಅದಕ್ಕೆ ಹಾಕಿ ಆ ಕಡೆ ಈ ಕಡೆ ತಿರುಗಿಸುವಂತೆ ಅತ್ತಿಗೆ ಹೇಳಿದಳು. ಮುಚ್ಚಳ ಸಡಿಲವಾಗಿ ಇಕ್ಕಳಕ್ಕೆ ಸಿಕ್ಕಿತು. ಪ್ಲಗ್ ಹಾಕಿ, ತಣ್ಣೀರು ಬಿಟ್ಟು ಸ್ವಿಚ್ ಒತ್ತಿದರೆ ಸದ್ದೇ ಇಲ್ಲ.

“ಕೆಟ್ಟೇ ಹೋಯ್ತು” ಎಂದಳು ತಂಗಿ.

“ಇಲ್ಲ ಕಣೇ. ಬಿಸಿಯಾಗಿ ತಾನೇ ನಿಂತಿದೆ. ಸ್ವಿಚ್ ಆರಿಸಿ ಸ್ವಲ್ಪ ತಣ್ಣಗಾಗೋಕೆ ಬಿಡು. ಆಮೇಲೆ ಅಡಿಯಲ್ಲಿರೋ ಕೆಂಪು ಗುಂಡಿ ಒತ್ತು.” ಹಾಗೆ ಮಾಡಿದ ಮೇಲೆ ಯಂತ್ರ ಸರಾಗವಾಗಿ ತಿರುಗಿತು. “ಮೂಳೆ, ನಾರಿನ ಸಿಪ್ಪೆ, ಜಿಡ್ಡು ಹಾಕಬೇಡ. ಪೈಪು ಕಟ್ಟಿಕೊಂಡ್ರೆ ಕೆಳಮನೆಯವರ ಶಾಪ ನಿನಗೇ.”

ತಂಗಿಯ ಗಂಡ ಕತ್ತರಿಯಣ್ಣನ ಕೈಯನ್ನೇ ನೋಡುತ್ತಿದ್ದ. “ನಾಳೆನೇ ಲೈಟಿನ ಪಕ್ಕದಿಂದ ಸ್ವಿಚ್ ತೆಗೆಸಿ ಬೇರೆ ಕಡೆ ಹಾಕಿಸ್ತೀನಿ ಭಾವ. ಇದನ್ನ ಬದಲಾಯಿಸಿ ಮುಚ್ಚಳ ಇರೋದನ್ನೇ ತರ್ತೀನಿ” ಎಂದ.

ಹಿಂತಿರುಗುವ ದಾರಿಯಲ್ಲಿ ಕತ್ತರಿಯಣ್ಣ ಹೆಂಡತಿಗೆ ಹೇಳಿದ: “ನೋಡಿದ್ಯಾ, ಒಬ್ಬನ ಕೈ ಉಳಿಸಿದೆ. ಇನ್ನಾದ್ರೂ ನಿನ್ನನ್ನ ನೀನು ಬೈಕೊಳ್ಳೋದು ಬಿಡು. ತಪ್ಪು ನಂದು.”

“ಅವನದ್ದು ಉಳಿಸಿದೆ. ನಿಮ್ಮದು ಉಳಿಸಬೇಕಿತ್ತು” ಎಂದಳು ಅವಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಯಂತ್ರ ಕೊಳ್ಳುವವರು ಮುಚ್ಚಳ ಹಾಕಿದರೆ ಮಾತ್ರ ಓಡುವುದನ್ನು ಕೇಳಿ ತನ್ನಿ. ಈಗಾಗಲೇ ಇರುವವರು ಈ ಹಾಳೆಯನ್ನು ಪಕ್ಕಕ್ಕಿಟ್ಟು ಒಮ್ಮೆ ಸಿಂಕಿನ ಕೆಳಗೆ ಬಗ್ಗಿ ನೋಡಿ. ಪ್ಲಗ್ ಕೈಗೆ ಸಿಗುತ್ತದೆಯೇ? ಅಡ್ಡ ಇರುವ ಸಾಮಾನನ್ನು ಈಗಲೇ ಸರಿಸಿ. ಮನೆಯವರನ್ನೆಲ್ಲ ಕರೆದು ಅದನ್ನು ತೋರಿಸಿ. ಇಂದು ಸುಮ್ಮನಿದ್ದರೆ, ನಾಳೆ ನಿಮ್ಮ ಕೈಯನ್ನು ನೋಯಿಸುವವರು ನಿಮ್ಮನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರೇ ಆಗಿರಬಹುದು.