ಮೊನ್ನೆ ಬಂದವರ ಲೆಕ್ಕ

ಮಾವ ಮೂವತ್ತನಾಲ್ಕು ವರ್ಷ ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದಿದವರು. ನಿವೃತ್ತಿಯಾಗಿ ಆರು ವರ್ಷವಾದರೂ ಬೀದಿಯವರ ಬಾಯಲ್ಲಿ ಇವತ್ತಿಗೂ ಮೀಟರ್ ಮಾವನೇ. ನಾಯಿ ಅಟ್ಟಿಸಿಕೊಂಡು ಬಂದ ಮನೆಗೂ ಮರುದಿನ ಮತ್ತೆ ಹೋಗಿ, ಗೇಟು ಹತ್ತಿ ನಿಂತಾದರೂ ಅಂಕಿ ಓದಿಕೊಂಡೇ ಬಂದವರು. ಅಂದಾಜಿನ ಮೇಲೆ ಒಂದು ಸೊನ್ನೆಯನ್ನೂ ಬರೆದವರಲ್ಲ. ಇದನ್ನು ಅವರೇ ದಿನಕ್ಕೆರಡು ಸಲ ಹೇಳುತ್ತಿದ್ದರು, ಕೇಳುವವರಿಗೆ ಬೇಕೋ ಬೇಡವೋ.

ಸೊಸೆ ಲಾಂಡ್ರಿಯೊಂದರ ಕೌಂಟರಿನಲ್ಲಿ ದಿನಕ್ಕೆ ಎಂಟು ತಾಸು ನಿಂತು, ಬಂದ ಬಟ್ಟೆಗೆಲ್ಲ ನಂಬರಿನ ಚೀಟಿ ಚುಚ್ಚುವವಳು. ಸಂಜೆ ಮನೆ ಸೇರುವಷ್ಟರಲ್ಲಿ ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಆದರೆ ಅವಳ ನಿಜವಾದ ಕೈಚಳಕ ಇದ್ದದ್ದು ಝಿಪ್ಪಿನಲ್ಲಿ. ಮನೆಯ ಮುಂದಿನ ಕೋಣೆಯಲ್ಲೇ ಗಂಡನ ಬ್ಯಾಗ್ ರಿಪೇರಿ ಅಂಗಡಿ. ಅವನು ‘ಹೊಸದೇ ಹಾಕಬೇಕು’ ಎಂದು ಕೈಚೆಲ್ಲಿದ ಝಿಪ್ಪನ್ನು ಇವಳು ಇಕ್ಕಳ ಹಿಡಿದು ಎರಡೇ ನಿಮಿಷದಲ್ಲಿ ಸರಿಮಾಡಿ ಕೊಡುತ್ತಿದ್ದಳು. ಆ ವಿದ್ಯೆಯನ್ನು ಹದಿನೈದು ತಿಂಗಳ ಹಿಂದೆ ಒಂದು ವೆಬ್‌ಸೈಟ್ ಮಾಡಿ, ವಾರಕ್ಕೊಂದು ಬರಹವಾಗಿ ಬರೆಯತೊಡಗಿದಳು. ಸೂಟ್‌ಕೇಸ್ ಝಿಪ್ ಮಧ್ಯದಲ್ಲಿ ಬಾಯಿ ಬಿಟ್ಟರೆ ಏನು ಮಾಡಬೇಕು, ಜಾಕೆಟ್ಟಿನದು ಬಟ್ಟೆ ಕಚ್ಚಿಕೊಂಡರೆ ಏನು ಮಾಡಬೇಕು, ಇಂಥವು.

ಬರೆಯುವ ಧೈರ್ಯವೇನೋ ಇತ್ತು, ಎಷ್ಟು ಜನ ಓದಿದರು ಎಂದು ನೋಡುವ ಧೈರ್ಯವಿರಲಿಲ್ಲ. ಇಂಟರ್ನೆಟ್ ಹುಡುಕಾಟದ ಕಂಪನಿಯವರು ಅದಕ್ಕೊಂದು ವರದಿ ಕೊಡುತ್ತಾರೆ: ಜನ ಯಾವ ಮಾತು ಹಾಕಿ ಹುಡುಕಿದರು, ನಿಮ್ಮ ಪುಟ ಎಷ್ಟು ಸಲ ಕಣ್ಣಿಗೆ ಬಿತ್ತು, ಎಷ್ಟು ಜನ ಒತ್ತಿ ಒಳಗೆ ಬಂದರು, ಎಲ್ಲ. ಅದರ ಖಾತೆ ತೆರೆಯಲು ಕೂತವಳು ಪ್ರತಿ ಸಲವೂ ಅರ್ಧಕ್ಕೇ ಎದ್ದುಬಿಡುತ್ತಿದ್ದಳು.

“ನೀವೇ ನೋಡಿ ಹೇಳಿ ಮಾವ, ನನ್ನ ಕೈಲಾಗಲ್ಲ” ಎಂದಳು.

ಅಯ್ಯೋ, ಮಾವನ ಸಂಭ್ರಮ ಕೇಳಬೇಕೆ! ಖಾತೆ ಅವರ ಹೆಸರಿನಲ್ಲೇ ತೆರೆದದ್ದಾಯಿತು, ಪಾಸ್‌ವರ್ಡ್ ಅವರ ತಲೆಯಲ್ಲೇ ಉಳಿಯಿತು. ಒಂದು ನೋಟ್‌ಬುಕ್ಕಿಗೆ ಸ್ಕೇಲಿಟ್ಟು ಗೆರೆ ಹೊಡೆದರು. ವರದಿಯ ಅಂಕಿ ಎರಡು ದಿನ ತಡವಾಗಿ ಬರುವುದರಿಂದ, ದಿನಾ ಬೆಳಿಗ್ಗೆ ಸೊಸೆ ಹಲ್ಲುಜ್ಜಲು ಹೊರಟ ಹೊತ್ತಿಗೆ ಸರಿಯಾಗಿ ಕೂಗುತ್ತಿದ್ದರು: “ಮೊನ್ನೆ ಹನ್ನೊಂದು ಜನ ಕಣಮ್ಮ!” ಇನ್ನೊಂದು ದಿನ ಒಂಬತ್ತು, ಮತ್ತೊಂದು ದಿನ ಹದಿಮೂರು. ಅಷ್ಟು ಕೇಳಿದರೆ ಅವಳಿಗೆ ಸಾಕು. ಹನ್ನೊಂದು ಜನ ತನ್ನ ಮಾತಿಗೆ ಕಾಯುತ್ತಿದ್ದಾರೆ ಎಂದುಕೊಂಡೇ ಎಂಟು ತಾಸು ನಿಂತು ಬರುತ್ತಿದ್ದಳು, ಬಂದು ಮತ್ತೆ ಬರೆಯುತ್ತಿದ್ದಳು. ಈಗಂತೂ ದಿನಕ್ಕೆ ಮುನ್ನೂರರ ಮೇಲೆ ಜನ.

ಹೀಗಿರುವಾಗ ಝಿಪ್ ತಯಾರಿಸುವ ಒಂದು ಕಂಪನಿಯವರು ತಮ್ಮ ಗಿರಾಕಿಗಳಿಗೆ ರಿಪೇರಿ ಪಾಠ ಬರೆಯುವವರು ಬೇಕು ಎಂದು ಪ್ರಕಟಿಸಿದರು. ಪೂರ್ತಿ ಕೆಲಸ, ಕೂರಲು ಕುರ್ಚಿ. ಕುರ್ಚಿ ಎಂಬ ಮಾತಿಗೇ ಸೊಸೆಯ ಕಣ್ಣು ಅರಳಿತು. ಮಾವನ ನೋಟ್‌ಬುಕ್ ಮುಂದಿಟ್ಟುಕೊಂಡು ಅರ್ಜಿ ಬರೆದಳು: ‘ಮೊದಲ ವಾರದಿಂದಲೂ ದಿನಕ್ಕೆ ಎಂಟು ಜನರಿಗಿಂತ ಕಡಿಮೆ ಬಂದದ್ದಿಲ್ಲ.’ ಕಂಪನಿಯಿಂದ ಉತ್ತರ ಬಂತು. ಬರಹಗಳು ಇಷ್ಟವಾಗಿವೆ. ಆದರೆ ಕೈಯಲ್ಲಿ ಬರೆದ ಲೆಕ್ಕ ನಡೆಯುವುದಿಲ್ಲ. ಹುಡುಕಾಟದ ಅಂಕಿಗಳು ದಿನಾ ತಾವಾಗಿಯೇ ಕಂಪ್ಯೂಟರಿನ ಒಂದು ಶೀಟಿಗೆ ಬಂದು ಬೀಳುವಂತೆ ಜೋಡಿಸಿ, ಹಿಂದಿನ ತಿಂಗಳುಗಳನ್ನೂ ಸೇರಿಸಿ, ಶುಕ್ರವಾರದೊಳಗೆ ನಮಗೆ ತೋರಿಸಿ. ನಮ್ಮ ವಿಶ್ಲೇಷಕಿ ನೋಡಿ ತೀರ್ಮಾನ ಹೇಳುತ್ತಾರೆ.

ಸೊಸೆ ಮೂರು ಸಂಜೆ ಅದರ ಬೆನ್ನು ಬಿದ್ದಳು. ಎಲ್ಲಿಂದಲೋ ಒಂದು ಪುಟ್ಟ ಪ್ರೋಗ್ರಾಂ ಹುಡುಕಿ ಶೀಟಿಗೆ ಅಂಟಿಸಿದಳು. ಬೆಳಿಗ್ಗೆ ಆರಕ್ಕೆ ಅದು ತಾನೇ ಎದ್ದು, ವರದಿಯಿಂದ ಅಂಕಿ ತಂದು, ಸಾಲುಸಾಲಾಗಿ ಸುರಿಯಬೇಕು. ಪ್ರೋಗ್ರಾಮಿಗೆ ತನ್ನದೇ ಆದ ಒಂದು ಮೇಲ್ ವಿಳಾಸವನ್ನೂ ಮಾಡಿಕೊಟ್ಟದ್ದಾಯಿತು. ಓಡಿಸಿ ನೋಡಿದರೆ ‘ಅನುಮತಿ ಇಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳಿತು. ಇರುವುದಾದರೂ ಹೇಗೆ? ವರದಿಯ ಯಜಮಾನರು ಮಾವ. ಆ ವಿಳಾಸವನ್ನು ಅವರು ಒಳಗೆ ಬಿಟ್ಟುಕೊಳ್ಳಬೇಕು.

“ಮಾವ, ಒಂದು ನಿಮಿಷ ಪಾಸ್‌ವರ್ಡ್ ಹಾಕಿ ಕೊಡ್ತೀರಾ?”

ಮಾವನಿಗೆ ಅವತ್ತು ಕನ್ನಡಕ ಸಿಗಲಿಲ್ಲ. ಅದು ಅವರ ತಲೆಯ ಮೇಲೇ ಇತ್ತು. ಮರುದಿನ ಪಾಸ್‌ವರ್ಡ್ ಮರೆತುಹೋಗಿತ್ತು. ಅಲ್ಲ, ಬೆಳಿಗ್ಗೆ ತಾನೇ ಅದನ್ನು ಹಾಕಿ ಅಂಕಿ ಕೂಗಿದ ಮನುಷ್ಯ! “ಯಂತ್ರ ನಂಬಬೇಡಮ್ಮ, ಅದಕ್ಕೇನು ಗೊತ್ತಾಗುತ್ತೆ” ಎಂದು ಗೊಣಗಿದರು.

ಸೊಸೆಗೆ ಪಾಪ ಎನಿಸಿತು. ಬೆಳಗಿನ ಒಂದು ಕೆಲಸವೂ ಕೈತಪ್ಪಿತಲ್ಲ ಎಂದು ಮುದುಕರಿಗೆ ಬೇಜಾರು ಎಂದುಕೊಂಡಳು. ಪಕ್ಕದಲ್ಲಿ ಕೂತು, “ನಿಮ್ಮ ಕೆಲಸ ಎಲ್ಲೂ ಹೋಗಲ್ಲ ಮಾವ. ಯಂತ್ರ ಕಂಪನಿಗೆ ಓದಲಿ, ನನಗೆ ನೀವೇ ಓದಿ. ನಿಮ್ಮಷ್ಟು ನಂಬಿಕೆ ನಂಗೆ ಯಾವ ಯಂತ್ರದ ಮೇಲಿದೆ?” ಎಂದಳು.

ಮಾವನ ಮುಖ ಹರಳೆಣ್ಣೆ ಕುಡಿದಂತಾಯಿತು. ಪಾಸ್‌ವರ್ಡ್ ಹಾಕಿ, ಅನುಮತಿ ಕೊಟ್ಟು, ಎದ್ದು ಹಿತ್ತಲ ಕಡೆ ಹೋದರು.

ಗುರುವಾರ ಸಂಜೆ ಸೊಸೆ ಪ್ರೋಗ್ರಾಂ ಮತ್ತೆ ಓಡಿಸಿದಳು. ಹದಿನೈದು ತಿಂಗಳು ಶೀಟಿನೊಳಕ್ಕೆ ದಬದಬನೆ ಬಂದು ಬಿದ್ದವು. ಕೊನೆಯ ಸಾಲುಗಳು ಮಾವನ ನೋಟ್‌ಬುಕ್ಕಿಗೆ ಚಾಚೂ ತಪ್ಪದೆ ಹೊಂದಿದವು. ಮುನ್ನೂರ ಹನ್ನೆರಡಕ್ಕೆ ಮುನ್ನೂರ ಹನ್ನೆರಡು. ಖುಷಿಯಿಂದ ಮೇಲಕ್ಕೆ ಸರಿಸಿ ಮೊದಲ ತಿಂಗಳಿಗೆ ಬಂದಳು. ನೋಟ್‌ಬುಕ್ಕಿನಲ್ಲಿ ಹನ್ನೊಂದು, ಶೀಟಿನಲ್ಲಿ ಸೊನ್ನೆ. ನೋಟ್‌ಬುಕ್ಕಿನಲ್ಲಿ ಒಂಬತ್ತು, ಶೀಟಿನಲ್ಲಿ ಸೊನ್ನೆ. ಎರಡನೇ ತಿಂಗಳು, ಮೂರನೇ ತಿಂಗಳು, ಹಾಗೆಯೇ ಏಳನೇ ತಿಂಗಳು. ನಡುವೆ ಅಲ್ಲೊಂದು ಇಲ್ಲೊಂದು ಒಂದು.

“ಮಾವ! ಈ ಪ್ರೋಗ್ರಾಂ ಏನೋ ತಪ್ಪು ಓದ್ತಾ ಇದೆ, ಬನ್ನಿ ಇಲ್ಲಿ!”

ಮಾವ ಬಂದರು. ಪರದೆ ನೋಡಿದರು. ಆ ಹೊತ್ತಿಗೆ ‘ಹೌದು, ಯಂತ್ರದ ತಪ್ಪು’ ಎಂದುಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು, ಸೊಸೆ ನಂಬುತ್ತಿದ್ದಳು. ಆದರೆ ಅವರಿಗೆ ನಾಲಿಗೆ ಏಳಲಿಲ್ಲ.

“ಅದು ಸರಿಯಾಗೇ ಓದಿದೆ ಕಣಮ್ಮ. ತಪ್ಪು ಓದಿದ್ದು ನಾನು.”

“ತಪ್ಪು ಅಂದ್ರೆ?”

“ಬೇಕು ಬೇಕಂತಲೇ. ಮೊದಲನೇ ದಿನ ಸೊನ್ನೆ ಇತ್ತು. ನೀನು ಬ್ರಷ್ ಹಿಡ್ಕೊಂಡು ಬಾಗಿಲಲ್ಲಿ ನಿಂತು ನನ್ನ ಮುಖಾನೇ ನೋಡ್ತಿದ್ದೆ. ಸೊನ್ನೆ ಅನ್ನೋಕೆ ಬಾಯಿ ಬರಲಿಲ್ಲ. ಒಂದು ಸಲ ಹೇಳಿದ ಮೇಲೆ ದಿನಾ ಹೇಳಬೇಕಾಯ್ತು. ಭಾನುವಾರ ಬೇಕಾದ್ರೆ ನೋಡು, ಎರಡು ಮೂರು ಕಮ್ಮೀನೇ ಬರೆದಿದೀನಿ. ನಿಜ ಅನ್ನಿಸಬೇಕಲ್ಲ.”

ಸೊಸೆಗೆ ಕೋಪ ನೆತ್ತಿಗೇರಿತು. “ಮೂವತ್ತು ಬರಹ ಮಾವ! ಮೂವತ್ತು ವಾರ ನಾನು ಗೋಡೆ ಜೊತೆ ಮಾತಾಡಿದೀನಿ! ನನ್ನ ಕೈಯಲ್ಲಿ ಏನೋ ಇದೆ ಅಂದ್ಕೊಂಡು ಬೀಗ್ತಾ ಇದ್ದೆನಲ್ಲ, ಎಂಥಾ ಪೆದ್ದಿ ನಾನು. ಈಗ ಕಂಪನಿಯವರ ಮುಂದೆ ಸುಳ್ಳುಗಾತಿ ಆದೆ.”

ಅಂಗಡಿಯಿಂದ ಗಂಡ ತಲೆ ಹಾಕಿ, “ಏನಾಯ್ತು?” ಎಂದ. “ನೀವು ಬ್ಯಾಗ್ ಹೊಲೀರಿ” ಎಂದಳು. ಅವನು ಜಾಣ, ತಲೆ ಒಳಗೆಳೆದುಕೊಂಡ.

ಮಾವ ಅವಳ ಪಕ್ಕ ಕೂತರು. “ಆ ಏಳು ತಿಂಗಳು ತೆಗೆದುಹಾಕಿ ಕಳಿಸು. ತಪ್ಪು ನಂದು, ಏಟು ನಿನಗ್ಯಾಕೆ?”

ಇವರ ಬಾಯಲ್ಲಿ ಈ ಮಾತೇ ಎಂದು ಅವಳಿಗೆ ಅಳುವೇ ಬಂತು. ಅಷ್ಟೂ ಸಾಲು ಅಳಿಸುವುದಕ್ಕೆ ಒಂದು ಕ್ಷಣ ಸಾಕಿತ್ತು. ಕುರ್ಚಿ ಕಣ್ಣಮುಂದೆಯೇ ಇತ್ತು. ಎರಡು ಸಲ ಸಾಲುಗಳನ್ನು ಆರಿಸಿದಳು, ಎರಡು ಸಲವೂ ಬಿಟ್ಟಳು.

“ಈ ಮನೇಲಿ ಒಬ್ಬರು ಸುಳ್ಳು ಹೇಳಿದ್ದು ಸಾಕು ಮಾವ” ಎಂದು ಶೀಟನ್ನು ಇದ್ದದ್ದು ಇದ್ದ ಹಾಗೆ ಕಂಪನಿಗೆ ತೆರೆದುಕೊಟ್ಟಳು. ಜೊತೆಗೊಂದು ಸಾಲು ಬರೆದಳು: ‘ಮೊದಲ ಏಳು ತಿಂಗಳ ಬಗ್ಗೆ ಅರ್ಜಿಯಲ್ಲಿ ಬರೆದದ್ದು ತಪ್ಪು. ಹೆಚ್ಚುಕಡಿಮೆ ಯಾರೂ ಬಂದಿರಲಿಲ್ಲ. ಕ್ಷಮಿಸಿ.’ ಮಾರನೆಯ ಬೆಳಿಗ್ಗೆ ಯಾರೂ ಅಂಕಿ ಕೂಗಲಿಲ್ಲ. ಯಂತ್ರ ಆರಕ್ಕೆ ಸರಿಯಾಗಿ ಎದ್ದು, ತನ್ನ ಸಾಲು ತಂದು ಹಾಕಿ ಸುಮ್ಮನಾಯಿತು. ಮನೆ ಬಿಕೋ ಎಂದಿತು.

ಶುಕ್ರವಾರ ಸಂಜೆ ಅವಳು ಲಾಂಡ್ರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಫೋನ್ ಬಂತು. ಆ ಕಡೆ ಕಂಪನಿಯ ವಿಶ್ಲೇಷಕಿ.

“ನಿಮ್ಮ ಅರ್ಜಿಗೂ ಈ ಅಂಕಿಗೂ ತಾಳೆ ಆಗ್ತಿಲ್ಲ ಅಂತ ನಾನು ಕೆಂಪು ಗೆರೆ ಹಾಕಿಟ್ಟಿದ್ದೆ. ಆಮೇಲೆ ನಿಮ್ಮ ಸಾಲು ನೋಡಿದೆ. ಒಂದು ಮಾತು ಕೇಳ್ಲಾ? ನಾನು ಇಂಥ ಶೀಟು ದಿನಾ ನೋಡ್ತೀನಿ. ಎರಡು ತಿಂಗಳು ಸೊನ್ನೆ ಬಂದ್ರೆ ಯಾರೇ ಆಗ್ಲಿ ನಿಲ್ಲಿಸಿಬಿಡ್ತಾರೆ. ನೀವು ಏಳು ತಿಂಗಳು ಒಂದು ವಾರಾನೂ ಬಿಟ್ಟಿಲ್ಲ. ಈಗ ಬರೋ ಮುನ್ನೂರು ಜನದಲ್ಲಿ ಅರ್ಧಕ್ಕರ್ಧ ಆ ಹಳೇ ಬರಹಗಳಿಗೇ ಬರ್ತಿದ್ದಾರೆ. ಹೇಗೆ ಬರೆದ್ರಿ, ಯಾರೂ ಓದದೆ ಇರೋವಾಗ?”

ಸೊಸೆ ಒಳಗೆ ನೋಡಿದಳು. ಮಾವ ಪೇಪರ್ ಹಿಡಿದು ಕೂತಿದ್ದರು. ಫೋನ್ ಬಂದಾಗಿನಿಂದ ಒಂದು ಹಾಳೆಯೂ ತಿರುಗಿರಲಿಲ್ಲ.

“ಯಾರೂ ಓದ್ತಿಲ್ಲ ಅಂತ ನಂಗೆ ಗೊತ್ತಿರಲಿಲ್ಲ ಮೇಡಂ” ಎಂದಳು. ನಿನ್ನೆಯಿಂದ ಹೊತ್ತುಕೊಂಡಿದ್ದ ಕೋಪ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಆ ಕಡೆ ಕೀಬೋರ್ಡಿನ ಟಕಟಕ ಸದ್ದು. ಆಮೇಲೆ, “ಸೋಮವಾರ ಹತ್ತು ಗಂಟೆಗೆ ಬನ್ನಿ, ನಿಮ್ಮ ಜಾಗ ತೋರಿಸ್ತೀನಿ” ಎಂದಿತು ಧ್ವನಿ.

ಫೋನಿಟ್ಟು ಸೊಸೆ ಮಾವನ ಕೈಯಿಂದ ಪೇಪರ್ ಕಿತ್ತುಕೊಂಡು, ನೆಲದ ಮೇಲೆ ಅವರೆದುರು ಕೂತಳು. “ಕೆಲಸ ಸಿಕ್ತು. ಈಗ ಹೇಳಿ, ಯಾವತ್ತಿಂದ ನಿಜ ಓದೋಕೆ ಶುರು ಮಾಡಿದ್ರಿ?”

“ಎಂಟನೇ ತಿಂಗಳು, ನಾಲ್ಕನೇ ತಾರೀಖು” ಎಂದರು ಮಾವ, ಯೋಚನೆಯನ್ನೇ ಮಾಡದೆ. “ಅವತ್ತು ಹದಿನಾಲ್ಕು ಅಂತ ಹೇಳೋಣ ಅಂದ್ಕೊಂಡು ತೆಗೆದೆ. ನೋಡಿದ್ರೆ ಹತ್ತೊಂಬತ್ತು. ಕನ್ನಡಕ ಒರೆಸ್ಕೊಂಡು ಮತ್ತೆ ನೋಡಿದೆ, ಹತ್ತೊಂಬತ್ತೇ! ನಾನು ಕಟ್ಟಿದ ಸುಳ್ಳಿಗಿಂತ ನಿನ್ನ ನಿಜ ದೊಡ್ಡದಾಗಿಬಿಟ್ಟಿತ್ತು. ಕೂಗಿ ಹೇಳಿದೆ. ನೀನು ‘ಹೌದಾ’ ಅಂದು ಬಚ್ಚಲಿಗೆ ಹೋದೆ. ನಿನಗೇನು, ಮಾಮೂಲಿ. ಸಂತೋಷ ಹಂಚ್ಕೊಳ್ಳೋಕೆ ಮನೇಲಿ ನಂಗೆ ಒಬ್ಬರೂ ಇರಲಿಲ್ಲ ಕಣೇ.”

“ಆಮೇಲೆ ಏನು ಮಾಡಿದ್ರಿ?”

“ಏನು ಮಾಡೋದು? ನೀನು ಕೆಲಸಕ್ಕೆ ಹೋದ ಮೇಲೆ ನಲ್ಲಿ ಬಿಟ್ಕೊಂಡು ಕೂತು ಅತ್ತುಬಿಟ್ಟೆ.”

ಸೊಸೆ ನಗಲೂ ಆಗದೆ ಅಳಲೂ ಆಗದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹತ್ತೊಂಬತ್ತು ಜನಕ್ಕಾ ಮಾವ?”

“ಮತ್ತೆ? ಹತ್ತೊಂಬತ್ತು ಅಂದ್ರೆ ಕಮ್ಮಿಯಾ?” ಎಂದು ಮಾವ ರೇಗಿದರು.